ಫುಲ್ ಬ್ಯಾಕ್‌ನಲ್ಲಿ ನನ್ನ ಓರಗಿತ್ತಿ

ನನ್ನ ಓರಗಿತ್ತಿಯನ್ನ ಮೈದಾನದಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ನಮ್ಮ ಕೋಚ್ ನನ್ನನ್ನೇ ಕೇಳಿದಳು. ಟೀಮಿನಲ್ಲಿ ಬೇಕಾದಷ್ಟು ಜನ ಇದ್ದರು, ಅವರನ್ನೆಲ್ಲ ಬಿಟ್ಟು ನನ್ನನ್ನ. ಮನೆಯೊಳಗೇ ಅವಳನ್ನ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ನಾನು ಒದ್ದಾಡ್ತಿದ್ದೆ, ಇವಳು ಮೈದಾನದ ಮಾತು ಎತ್ತುತ್ತಾಳಲ್ಲ ಅಂತ ಮೈಯೆಲ್ಲ ಉರಿದುಹೋಯಿತು.

ಮೊದಲು ಆಟದ ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ದರೆ ನನ್ನ ಸಂಕಟ ಯಾರಿಗೂ ಅರ್ಥ ಆಗಲ್ಲ. ಇದು ಆಸ್ಟ್ರೇಲಿಯಾದವರ ಫುಟ್‌ಬಾಲ್. ಮೈದಾನವೂ ಮೊಟ್ಟೆ ಆಕಾರ, ಚೆಂಡೂ ಮೊಟ್ಟೆ ಆಕಾರ. ಎರಡು ತುದಿಯಲ್ಲೂ ಕಂಬಗಳು, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್. ದೂರದಿಂದ ಒದ್ದ ಚೆಂಡನ್ನ ನೆಲಕ್ಕೆ ಬೀಳೋ ಮುಂಚೆ ಗಟ್ಟಿಯಾಗಿ ಹಿಡಿದರೆ ಆಟ ಅಲ್ಲೇ ನಿಲ್ಲುತ್ತೆ. ಹಿಡಿದವಳು ಉಸಿರು ತಗೊಂಡು, ಗುರಿ ನೋಡಿಕೊಂಡು, ಆರಾಮಾಗಿ ಒದೀಬಹುದು. ಅಥವಾ ಒಂದು ಅಂಗೈಯಲ್ಲಿಟ್ಟುಕೊಂಡು ಇನ್ನೊಂದು ಮುಷ್ಟಿಯಿಂದ ಗುದ್ದಿ ಪಕ್ಕದವಳಿಗೆ ದಾಟಿಸಬಹುದು. ಆದರೆ ಎಸೆಯೋ ಹಾಗಿಲ್ಲ. ಎಸೆದರೆ ಅಂಪೈರ್ ಸೀಟಿ ಊದಿ ಚೆಂಡನ್ನ ಎದುರಾಳಿ ಕೈಗೆ ಕೊಡ್ತಾನೆ. ಈ ಒಂದು ನಿಯಮ ನೆನಪಿದ್ದರೆ ಸಾಕು.

ಎದುರಾಳಿಯ ಗೋಲ್ ಬಾಗಿಲಲ್ಲೇ ನಿಂತು, ಬಂದ ಚೆಂಡು ಹಿಡಿದು, ಗೋಲ್ ಹೊಡೆಯೋಳು ಫುಲ್ ಫಾರ್ವರ್ಡ್. ಅದು ನಾನು. ಮೈದಾನದ ಇನ್ನೊಂದು ತುದಿಯಲ್ಲಿ ನಮ್ಮ ಗೋಲ್ ಕಾಯೋಳು ಫುಲ್ ಬ್ಯಾಕ್. ಅವಳು ಇಡೀ ಹೊತ್ತು ಎದುರು ಟೀಮಿನ ಫುಲ್ ಫಾರ್ವರ್ಡ್‌ಗೆ ಅಂಟಿಕೊಂಡು ಅವಳ ಜೀವ ತಿನ್ನಬೇಕು. ಚಪ್ಪಾಳೆ ಎಲ್ಲ ಫುಲ್ ಫಾರ್ವರ್ಡ್‌ಗೆ, ಗುದ್ದಾಟ ಎಲ್ಲ ಫುಲ್ ಬ್ಯಾಕ್‌ಗೆ.

ನಾನು ಈ ಆಟಕ್ಕೆ ಬಂದದ್ದೇ ಸಿಟ್ಟಿನಿಂದ. ವೆಸ್ಟ್‌ಮಂಟ್‌ನಲ್ಲಿ ನಮ್ಮ ಮನೆ ಹಿತ್ತಲಿಗೆ ಅಂಟಿಕೊಂಡೇ ಪಾರ್ಕ್. ಒಂದು ಸಂಜೆ ಅಲ್ಲಿ ಈ ಆಟ ಆಡ್ತಿದ್ದ ಹೆಂಗಸರ ಚೆಂಡು ಬೇಲಿ ಹಾರಿ ಬಂದು ಆಗ ತಾನೆ ಮೊಳೆತಿದ್ದ ನನ್ನ ಮೆಂತ್ಯ ಸೊಪ್ಪಿನ ಮೇಲೆ ಬಿತ್ತು. ಕೋಪಕ್ಕೆ ಚಪ್ಪಲಿ ಕಾಲಲ್ಲೇ ಝಾಡಿಸಿ ಒದ್ದೆ. ಅದು ಅವರೆಲ್ಲರ ತಲೆ ಮೇಲೆ ಹಾದು ಪಾರ್ಕಿಂಗ್ ಲಾಟ್‌ನಲ್ಲಿ ಬಿತ್ತು. ಬೇಲಿ ಹತ್ತಿ ಇಳಿದು ಬಂದ ಕೆಂಪು ಮುಖದ ಆಸ್ಟ್ರೇಲಿಯಾ ಹೆಂಗಸು "ನೀನು ನಾಳೆ ಪ್ರಾಕ್ಟೀಸಿಗೆ ಬಾ" ಅಂದಳು. ಅವಳೇ ಕೋಚ್. ಅವತ್ತಿನಿಂದ ನಾನು ಫುಲ್ ಫಾರ್ವರ್ಡ್. ಹಗಲೆಲ್ಲ ಎಲ್ಕ್ ಗ್ರೋವ್ ವಿಲೇಜಿನ ಡೇಟಾ ಸೆಂಟರಿನಲ್ಲಿ ಮಿಷಿನ್‌ಗಳ ಗುಂಯ್ ಅನ್ನೋ ಸದ್ದಿನಲ್ಲಿ ಕೂತು, ಸಂಜೆ ಮನೇಲಿ ಅಮ್ಮ, ಹೆಂಡತಿ, ಸೊಸೆ ಎಲ್ಲ ಆಗಿ, ಶನಿವಾರ ಮಾತ್ರ ಆ ಎರಡು ಕಂಬದ ಮುಂದೆ ನಾನು ನಾನಾಗಿ ನಿಲ್ತಿದ್ದೆ. ನನ್ನದು ಅಂತ ಈ ದೇಶದಲ್ಲಿ ನನಗಿದ್ದದ್ದು ಅದೊಂದೇ ಜಾಗ.

ಇಂಥ ನನ್ನ ಸುಖದ ಮೇಲೆ ಯಾರ ಕಣ್ಣು ಬಿತ್ತೋ ಏನೋ, ಹೋದ ವರ್ಷ ಏಪ್ರಿಲ್‌ನಲ್ಲಿ ನನ್ನ ಮೈದುನ ಓಕ್ ಬ್ರೂಕಿನ ಒಂದು ಆಫೀಸಿಗೆ ಪ್ರಾಜೆಕ್ಟ್ ಮೇಲೆ ಬಂದ. ಜೊತೆಯಲ್ಲಿ ಹೊಸ ಹೆಂಡತಿ. ಅಪಾರ್ಟ್‌ಮೆಂಟ್ ಸಿಗೋವರೆಗೆ ಅಂತ ನಮ್ಮ ಬೇಸ್‌ಮೆಂಟಿಗೆ ಇಳಿದರು. ಹುಡುಕಿದರೆ ತಾನೇ ಸಿಗೋದಕ್ಕೆ! ಅವರ ಹಿಂದೆಯೇ ಮೈಸೂರಿಂದ ಅತ್ತೆ.

ಅವಳನ್ನ ಬೈಯೋಕೆ ಒಂದು ಕಾರಣ ಸಿಕ್ಕಿದ್ದರೆ ನಾನು ಎಷ್ಟು ನೆಮ್ಮದಿಯಾಗಿ ಇರ್ತಿದ್ದೆ. ಸಿಗಲಿಲ್ಲ. ಹೇಳೋ ಮುಂಚೆ ಪಾತ್ರೆ ತೊಳೆದಿಡೋಳು. ಬಾಯಿ ತುಂಬ "ಅಕ್ಕ, ಅಕ್ಕ" ಅನ್ನೋಳು. ವರ್ಷಗಟ್ಟಲೆ ಬಂದಾಗಲೆಲ್ಲ ನನ್ನ ಕಾಫಿ ಕುಡಿದು ಒಂದು ದಿನವೂ ಚೆನ್ನಾಗಿದೆ ಅನ್ನದ ನಮ್ಮತ್ತೆ, ಅವಳ ಕಾಫಿಯನ್ನ ಒಂದು ಗುಟುಕು ಹೀರಿ ಕಣ್ಣು ಮುಚ್ಚಿಕೊಂಡರು. "ಡಿಕಾಕ್ಷನ್ ಅಂದ್ರೆ ಇದು" ಅಂದರು. ನಾನು ಅಲ್ಲೇ ನಿಂತಿದ್ದೆ, ಗೋಡೆ ಥರ.

ಪ್ರಾಕ್ಟೀಸಿಗೆ ಅವಳನ್ನ ಕಳಿಸಿದ್ದೂ ಅತ್ತೆಯೇ. "ಪಾಪ, ಮನೇಲಿ ಕೂತೂ ಕೂತೂ ಹುಡುಗಿಗೆ ಬೇಜಾರು. ಕೆಲಸಕ್ಕೆ ಹೋಗೋಕೂ ವೀಸಾ ಬಿಡಲ್ಲ. ನಿನ್ನ ಜೊತೆ ಕರ್ಕೊಂಡು ಹೋಗೇ" ಅಂದರು. ನೀರಿನ ಬಾಟಲಿ ನೋಡಿಕೊಳ್ಳಲಿ ಅಂತ ಕರ್ಕೊಂಡು ಹೋಗಿ ಗೆರೆ ಆಚೆ ನಿಲ್ಲಿಸಿದೆ. ಯಾರೋ ಒದ್ದ ಚೆಂಡು ದಾರಿ ತಪ್ಪಿ ಅವಳ ಕಡೆ ಹೋಯಿತು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಈ ಮಹಾರಾಯ್ತಿ ಎಗರಿದಳು ನೋಡಿ. ತಲೆಗಿಂತ ಎರಡಡಿ ಮೇಲೆ ಎರಡೂ ಕೈಯಲ್ಲಿ ಚೆಂಡು ಹಿಡಿದು, ಕಾಲು ಇನ್ನೂ ನೆಲ ಮುಟ್ಟೋ ಮುಂಚೆಯೇ ವಾಪಸ್ ಎಸೆದಳು. ಅದು ನೆಟ್ಟಗೆ ಬಂದು ಕೋಚ್ ಎದೆಗೆ ತಾಗಿತು. ಕೋಚ್ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು.

"ಮೈಸೂರಲ್ಲಿ ಯೂನಿವರ್ಸಿಟಿ ಟೀಮಲ್ಲಿ ಥ್ರೋಬಾಲ್ ಆಡ್ತಿದ್ದೆ ಅಕ್ಕ" ಅಂದಳು.

"ಒಂದು ದಿನಾನೂ ಹೇಳಲಿಲ್ಲ?"

"ನೀವು ಕೇಳಲೇ ಇಲ್ವಲ್ಲ" ಅಂತ ನಕ್ಕಳು.

ಅದಾದ ಮೇಲೆ ಕೇಳಬೇಕಾ? ಒಂದು ತಿಂಗಳಲ್ಲಿ ಒದೆಯೋದು ಕಲಿತಳು, ಗುದ್ದೋದು ಕಲಿತಳು. ಆಕಾಶದಲ್ಲಿ ಏನು ಹಾರಿದರೂ ಅದು ಅವಳದ್ದೇ. ಟೀಮಿನವರೆಲ್ಲ ಅವಳನ್ನ ತಲೆ ಮೇಲೆ ಕೂರಿಸಿಕೊಂಡರು. ನನ್ನ ಮಗಳು ಊಟ ಮಾಡ್ತಾ "ಚಿಕ್ಕಮ್ಮ ಈಸ್ ಸೋ ಮಚ್ ಬೆಟರ್ ದ್ಯಾನ್ ಯೂ, ಮಾಮ್" ಅಂದಳು. "ಬಾಯಿ ಮುಚ್ಕೊಂಡು ಹುರುಳಿಕಾಯಿ ತಿನ್ನು" ಅಂದೆ. ನನ್ನ ಗಂಡ ತಟ್ಟೆ ನೋಡ್ತಾ ನಗೋದು ಕಾಣಿಸ್ತು. ಅವರಿಗೆ ಆ ರಾತ್ರಿ ಮೊಸರು ಬಡಿಸಲಿಲ್ಲ.

ಆದರೆ ದೇವರು ದೊಡ್ಡವನು, ಅವಳಿಗೂ ಒಂದು ಐಬು ಇಟ್ಟಿದ್ದ. ಹಿಡಿದ ಚೆಂಡನ್ನ ಅವಳು ಎಸೆದುಬಿಡ್ತಿದ್ದಳು. ಥ್ರೋಬಾಲ್‌ನಲ್ಲಿ ಚೆಂಡು ಕೈಲಿ ಇಟ್ಟುಕೊಳ್ಳೋ ಹಾಗಿಲ್ಲ, ಮೈಗೆ ತಾಗಿಸಿಕೊಂಡರಂತೂ ಫೌಲ್. ಹೈಸ್ಕೂಲಿನಿಂದ ಮೈಗೆ ಹತ್ತಿದ ಅಭ್ಯಾಸ. ಹಿಡಿದ ತಕ್ಷಣ ಅದು ಕೆಂಡ ಅನ್ನೋ ಹಾಗೆ ಕೈ ಬಿಟ್ಟುಬಿಡೋಳು. ಸೀಟಿ ಕೇಳಿದ ಮೇಲೆ "ಅಯ್ಯೋ ರಾಮ!" ಅಂತ ಹಣೆ ಚಚ್ಚಿಕೊಳ್ಳೋಳು. ವಿಸ್ಕಾನ್ಸಿನ್ ಕಡೆಯ ಒಂದು ಟೀಮಿನ ಎದುರು ಕೋಚ್ ಅವಳನ್ನ ನಮ್ಮ ಗೋಲ್ ಹತ್ತಿರ ನಿಲ್ಲಿಸಿದಳು. ಬಂದದ್ದೆಲ್ಲ ಹಿಡಿದಳು, ಹಿಡಿದದ್ದೆಲ್ಲ ಎಸೆದಳು. ಅವರು ನಮ್ಮ ಗೋಲ್ ಮುಂದೆಯೇ ಬಿಟ್ಟಿ ಚೆಂಡು ಇಸ್ಕೊಂಡು ಗೋಲ್ ಮೇಲೆ ಗೋಲ್ ಹೊಡೆದರು. ನನಗೆ ಸೋತ ಬೇಜಾರು ಒಂದು ಕಡೆ ಇರಲಿ, ಒಳಗೊಳಗೇ ಹೋಳಿಗೆ ತಿಂದ ಹಾಗಿತ್ತು.

ಆ ವಾರವೇ ಕೋಚ್ ನಮ್ಮ ಅಡುಗೆಮನೆಗೆ ಬಂದದ್ದು. ಮೈದಾನದ ಚಿತ್ರ ಇರೋ ಬಿಳಿ ಬೋರ್ಡು, ಅದರ ಮೇಲೆ ಆಟಗಾರರ ಹೆಸರಿನ ಮ್ಯಾಗ್ನೆಟ್‌ಗಳು. ನನ್ನ ಓರಗಿತ್ತಿಯ ಮ್ಯಾಗ್ನೆಟನ್ನ ಬೆರಳಲ್ಲಿ ತಿರುಗಿಸ್ತಾ "ಇವಳನ್ನ ಎಲ್ಲಿ ಹಾಕೋಣ, ನೀನೇ ಹೇಳು" ಅಂದಳು.

"ಮಧ್ಯದಲ್ಲಿ?" ಅಂದೆ.

"ಅಲ್ಲೂ ಎಸೀತಾಳೆ. ಯೋಚನೆ ಮಾಡು. ನಮ್ಮ ಗೋಲ್ ಹತ್ತಿರ ಎಸೆದರೆ ಕೆಟ್ಟೆವು. ಅವರ ಗೋಲ್ ಹತ್ತಿರ ಎಸೆದರೆ ಏನು ನಷ್ಟ? ಚೆಂಡು ಸಿಕ್ಕರೂ ಅವರು ಇಡೀ ಮೈದಾನ ದಾಟಿ ಬರಬೇಕು."

ಅವರ ಗೋಲ್ ಹತ್ತಿರ ಅಂದರೆ ಫುಲ್ ಫಾರ್ವರ್ಡ್. ನನ್ನ ಜಾಗ. ಲೆಕ್ಕ ಸರಿಯಾಗಿತ್ತು, ಅದೇ ನನಗೆ ತಡೆಯೋಕೆ ಆಗಲಿಲ್ಲ.

"ಮತ್ತೆ ನಾನು?"

"ನೀನು ವಿಂಗ್‌ನಲ್ಲಿ ಓಡು, ಮೈದಾನದ ಅಂಚಿನುದ್ದಕ್ಕೂ. ಓಡೋದು ಹೃದಯಕ್ಕೆ ಒಳ್ಳೇದು."

ನನ್ನ ಹೃದಯದ ಯೋಚನೆ ಇವಳಿಗೆ! ಆಗ ಎಲ್ಲಿಂದ ಬಂತೋ ಬುದ್ಧಿ. "ಆಗಸ್ಟ್ ಮುಗಿಯೋವರೆಗೆ ಟೈಮ್ ಕೊಡು" ಅಂದೆ. "ಅವಳ ಎಸೆಯೋ ಚಾಳಿ ನಾನು ಬಿಡಿಸ್ತೀನಿ. ಬಿಟ್ಟರೆ ಅವಳಂಥ ಫುಲ್ ಬ್ಯಾಕ್ ಯಾವ ಟೀಮಿಗೂ ಸಿಗಲ್ಲ." ಬಿಡದಿದ್ದರೆ ನನ್ನ ಜಾಗ ಅವಳಿಗೆ ಅಂತ ಮಾತಾಯಿತು. ಕೋಚ್ ಹೋದ ಮೇಲೆ ಅತ್ತೆ ಒಳಗೆ ಬಂದು "ಏನಂತೆ?" ಅಂದರು. "ನಿಮ್ಮ ಕಿರಿ ಸೊಸೆಗೆ ಪಾಠ ಹೇಳಬೇಕಂತೆ" ಅಂದೆ. "ಪಾಪ, ಎಷ್ಟು ಒಳ್ಳೆಯವಳೇ ನೀನು" ಅಂದರು ನಮ್ಮತ್ತೆ, ಮೊದಲನೇ ಸಲ.

ಅವತ್ತಿನಿಂದ ದಿನಾ ಸಂಜೆ ಹಿತ್ತಿಲಲ್ಲಿ ಪಾಠ. ಹೊಟ್ಟೆಕಿಚ್ಚಿನಿಂದ ಇಷ್ಟು ಶ್ರದ್ಧೆಯಾಗಿ ಯಾರೂ ಯಾರಿಗೂ ಕಲಿಸಿರಲಿಕ್ಕಿಲ್ಲ. ನಾನು ಒದೀತಿದ್ದೆ, ಅವಳು ಹಿಡೀತಿದ್ದಳು, "ಹಿಡ್ಕೋ! ಹಿಡ್ಕೋ!" ಅನ್ನೋಷ್ಟರಲ್ಲಿ ಚೆಂಡು ನನ್ನ ಮುಖದ ಹತ್ತಿರ ಬಂದಿರ್ತಿತ್ತು. ಬೈದೆ, ಬೇಡಿಕೊಂಡೆ. ಡೆಕ್ ಮೇಲಿನ ಕುರ್ಚಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕ್ತಾ ಅತ್ತೆ "ಜೋರು ಮಾಡಬೇಡವೇ, ಮಗು ಅದು" ಅನ್ನೋರು. ನನ್ನ ಎದೆ ಎತ್ತರ ಮೀರಿದ ಮಗು. ಆಗಸ್ಟ್ ಅರ್ಧ ಆಯಿತು, ಅವಳು ಎಸೀತಾನೇ ಇದ್ದಳು. ನನಗೆ ಕನಸಿನಲ್ಲೂ ವಿಂಗ್‌ನಲ್ಲಿ ಓಡಿದ ಹಾಗೆ ಆಗಿ ಕಾಲು ನೋಯೋದು.

ಅಷ್ಟರಲ್ಲಿ ಶ್ರಾವಣದ ಶುಕ್ರವಾರ ಬಂತು. ಮನೆಯಲ್ಲಿ ಅರಿಶಿನ ಕುಂಕುಮ. ಡೌನರ್ಸ್ ಗ್ರೋವ್ ಕಡೆಯಿಂದೆಲ್ಲ ಹೆಂಗಸರು ಬಂದಿದ್ದರು, ಡ್ರೈವ್‌ವೇ ತುಂಬ ಕಾರು. ಹೊಸದಾಗಿ ಮದುವೆಯಾದವಳು ಅಂತ ಅತ್ತೆ ಅವಳನ್ನ ಮಣೆ ಮೇಲೆ ಕೂರಿಸಿ ಮಡಿಲಕ್ಕಿ ತುಂಬಿದರು. ಸೆರಗು ಒಡ್ಡಿಸಿ ಅಕ್ಕಿ, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಕಣ. ನನಗೂ ತುಂಬಬಹುದಿತ್ತು. ಸರ್ಯಪ್ಪ, ಹಳೇ ಸೊಸೆಗೆ ಯಾರು ತುಂಬ್ತಾರೆ ಅಂತ ಕೋಸಂಬರಿ ಹಂಚ್ತಾ ಅವಳನ್ನೇ ದುರುದುರು ನೋಡ್ತಿದ್ದೆ.

ಹಾಗೆ ನೋಡ್ತಿದ್ದದ್ದರಿಂದಲೇ ಕಂಡದ್ದು. ಸೆರಗು ಹೊಟ್ಟೆಗೆ ಅವಚಿಕೊಂಡು ಎದ್ದಳು. ಎಲ್ಲರಿಗೂ ಬಗ್ಗಿ ನಮಸ್ಕಾರ ಮಾಡಿದಳು. ನನ್ನ ಮಗಳು ಓಡಿ ಬಂದು ಡಿಕ್ಕಿ ಹೊಡೆದರೂ ಇವಳು ಬಾಗಿಲು ಸೊಂಟದಿಂದ ತಳ್ಳಿ ದೇವರ ಕೋಣೆಗೆ ಹೋದಳು, ಮೊಣಕೈ ಸಡಿಲಿಸಲಿಲ್ಲ. ಒಂದು ಕಾಳು ಅಕ್ಕಿ ಕೆಳಗೆ ಬೀಳಲಿಲ್ಲ. ಎಲಾ ಇವಳಾ! ಹಿಡಿದದ್ದನ್ನ ಬಿಡದೆ ಇರೋಕೆ ಇವಳಿಗೆ ಬರುತ್ತೆ!

ಹೆಂಗಸರೆಲ್ಲ ಹೋಗೋವರೆಗೂ ತಡೆದುಕೊಂಡಿದ್ದೇ ಹೆಚ್ಚು. ಮಾರನೇ ದಿನ ಬೆಳಿಗ್ಗೆ ಹಿತ್ತಿಲಿಗೆ ಎಳ್ಕೊಂಡು ಹೋಗಿ ಚೆಂಡು ಒದ್ದೆ. ಅವಳು ಎಗರಿ ಹಿಡಿಯೋ ಹೊತ್ತಿಗೆ ಸರಿಯಾಗಿ "ಮಡಿಲಕ್ಕಿ ಕಣೇ!" ಅಂತ ಕಿರುಚಿದೆ. ಅವಳ ಎರಡು ಕೈಯೂ ತಾವಾಗಿಯೇ ಒಳಗೆ ಮಡಚಿಕೊಂಡವು. ಚೆಂಡನ್ನ ಹೊಟ್ಟೆಗೆ ಅವಚಿಕೊಂಡು, ಬಗ್ಗಿ, ಹಾಗೇ ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. "ಅಕ್ಕಾ!" ಅಂತ ಓಡಿ ಬಂದು ಚೆಂಡಿನ ಸಮೇತ ನನ್ನನ್ನ ತಬ್ಬಿಕೊಂಡಳು. "ಬಿಡೇ, ಬೆವರು" ಅಂದೆ.

ಆಮೇಲೆ ಅವಳು ಎಸೆಯಲೇ ಇಲ್ಲ. ಕೋಚ್ ಬೋರ್ಡಿನ ಮೇಲೆ ಅವಳ ಮ್ಯಾಗ್ನೆಟನ್ನ ಫುಲ್ ಬ್ಯಾಕ್‌ನಲ್ಲಿ ಟಕ್ ಅಂತ ಅಂಟಿಸಿದಳು. ನನ್ನದು ಇದ್ದಲ್ಲೇ ಇತ್ತು. ನಮ್ಮಿಬ್ಬರ ಮಧ್ಯೆ ಇಡೀ ಮೈದಾನ. ಉಳಿದ ಪಂದ್ಯಗಳಲ್ಲಿ ಅಲ್ಲಿ ಅವಳು ಹಿಡಿದಳು, ಇಲ್ಲಿ ನಾನು ಹೊಡೆದೆ. ಚಪ್ಪಾಳೆ ಮಾತ್ರ ಯಾಕೋ ಆ ತುದಿಯಿಂದಲೇ ಜಾಸ್ತಿ ಕೇಳಿಸ್ತಿತ್ತು. ಅತ್ತೆಯ ಮಡಚೋ ಕುರ್ಚಿಯೂ ಆ ತುದಿಯಲ್ಲೇ ಇತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಮೈದುನನ ಪ್ರಾಜೆಕ್ಟ್ ಡೆಟ್ರಾಯ್ಟಿಗೆ ವರ್ಗ ಆಯಿತು. ನನಗೆ ಆದ ಸಂತೋಷ ಮುಚ್ಚಿಡೋಕೆ ಎಷ್ಟು ಕಷ್ಟಪಟ್ಟೆ ಅಂತ ನನಗೇ ಗೊತ್ತು. ಬೇಡ ಬೇಡ ಅಂದರೂ ಅವರ ಪಾತ್ರೆಯೆಲ್ಲ ನಾನೇ ಪ್ಯಾಕ್ ಮಾಡಿದೆ, ನನ್ನ ಎರಡನೇ ಕುಕ್ಕರೂ ಹಾಕಿ ಕಳಿಸಿದೆ. ಹೊರಡೋ ಬೆಳಿಗ್ಗೆ ಅತ್ತೆ ಅಕ್ಕಿ ತುಂಬಿದ ತಟ್ಟೆ ತಂದು ನನ್ನ ಕೈಗೆ ಕೊಟ್ಟರು.

"ಮಡಿಲಕ್ಕಿ ನೀನು ತುಂಬು."

"ನೀವೇ ಇದ್ದೀರಲ್ಲ."

"ನಾನು ಅತ್ತೆ. ಹೊರಟವಳಿಗೆ ತುಂಬೋದು ತವರಿನವರು. ಇವಳಮ್ಮ ಮೈಸೂರಲ್ಲಿದಾಳೆ. ಈ ದೇಶದಲ್ಲಿ ಇವಳಿಗೆ ತವರು ಅಂದ್ರೆ ನೀನೇ."

ತುಂಬಿದೆ. ಅವಳು ಸೆರಗು ಅವಚಿಕೊಂಡು ಕಾರ್ ಹತ್ತಿದಳು. ಸೀಟ್ ಬೆಲ್ಟ್ ಹಾಕಿಕೊಳ್ಳೋಕೂ ಕೈ ಬಿಡಲಿಲ್ಲ. ಗಂಡನೇ ಬಗ್ಗಿ ಹಾಕಿದ. ಅಳ್ತಾ ಇದ್ದಳು. ನಾನು ಅಳಲಿಲ್ಲ, ನನಗೆ ನೆಗಡಿ ಆಗಿತ್ತು.

ಈ ವರ್ಷ ಜೂನ್‌ನಲ್ಲಿ ಡೆಟ್ರಾಯ್ಟಿನ ಎದುರು ಪಂದ್ಯ. ಅಲ್ಲಿನ ಟೀಮಿಗೆ ಅವಳು ಸೇರಿಕೊಂಡಿದಾಳೆ ಅಂತ ಗೊತ್ತಿತ್ತು. ಯಾವ ಜಾಗ ಅಂತ ಕೇಳಿರಲಿಲ್ಲ. ಎಂಥ ದಡ್ಡಿ ನಾನು! ನೂರಾರು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ, ದಾರಿಯಲ್ಲಿ ಟೈಮ್ ಬದಲಾಗಿ ಒಂದು ಗಂಟೆ ಕಳ್ಕೊಂಡು, ನೋವೈ ಹತ್ತಿರದ ಆ ಮೈದಾನದಲ್ಲಿ ನನ್ನ ಕಂಬಗಳ ಮುಂದೆ ಹೋಗಿ ನಿಂತೆ. ಹಿಂದಿನಿಂದ "ಅಕ್ಕಾ, ತಿಂಡಿ ಆಯ್ತಾ?" ಅಂತ ಕೇಳಿಸ್ತು.

ಫುಲ್ ಫಾರ್ವರ್ಡ್ ಪಕ್ಕ ನಿಲ್ಲೋಳು ಎದುರು ಟೀಮಿನ ಫುಲ್ ಬ್ಯಾಕ್. ಇದು ಆಟದ ಮೊದಲನೇ ಪಾಠ. ನನ್ನಿಂದ ದೂರ ಇರಲಿ ಅಂತ ಹಗಲು ರಾತ್ರಿ ಒದ್ದಾಡಿ ನಾನೇ ತಯಾರು ಮಾಡಿದ ಫುಲ್ ಬ್ಯಾಕ್ ಈಗ ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ತಿಂಡಿ ಆಯ್ತಾ ಅಂತ ಕೇಳ್ತಿದ್ದಳು. ಗೆರೆ ಆಚೆ ಅತ್ತೆ. ಈ ಸಲ ಅವರು ವಿಮಾನ ಇಳಿದದ್ದೇ ಡೆಟ್ರಾಯ್ಟಿನಲ್ಲಿ. ಇಬ್ಬರು ಸೊಸೆಯರನ್ನೂ ಒಂದೇ ಕಡೆ ನೋಡಿ ಅವರಿಗೆ ಹಬ್ಬ.

ನನಗೆ ಬಂದ ಒಂದು ಚೆಂಡೂ ನನಗೆ ಸಿಗಲಿಲ್ಲ. ತಳ್ಳಿದೆ, ಮೊಣಕೈ ಹಾಕಿದೆ, ಕಾಲು ತುಳಿದೆ. "ಸಾರಿ ಅಕ್ಕ" ಅಂತ ತುಳಿಸಿಕೊಂಡವಳೇ ಹೇಳಿ, ನನ್ನ ತಲೆ ಮೇಲಿಂದ ಚೆಂಡು ಹಿಡಿದು, ಹೊಟ್ಟೆಗೆ ಅವಚಿಕೊಳ್ಳೋಳು. ನನ್ನ ಹೊಟ್ಟೆಯಲ್ಲಿ ಒಗ್ಗರಣೆ ಸಿಡೀತಿತ್ತು.

ಕೊನೇ ನಿಮಿಷ. ಒಂದು ಗೋಲ್ ಬಿದ್ದರೆ ನಾವು ಗೆದ್ದ ಹಾಗೆ. ಮಧ್ಯದಿಂದ ಯಾರೋ ಎತ್ತರಕ್ಕೆ ಒದ್ದರು, ಚೆಂಡು ನಮ್ಮಿಬ್ಬರ ಮೇಲೆಯೇ ಬಂತು. ಇಬ್ಬರೂ ಎಗರಿದೆವು. ಅವಳ ಕೈ ಸೇರಿತು. ಆಗ ನನಗೆ ಹೊಳೆದದ್ದು ಒಂದೇ. ಹಿತ್ತಿಲಲ್ಲಿ ಕಿರುಚ್ತಿದ್ದ ಅದೇ ಗಂಟಲಲ್ಲಿ ಕಿರುಚಿದೆ. "ಎಸಿಯೇ! ಎಸಿ! ಎಸಿ!"

ಎಸೆದಿದ್ದರೆ ಸೀಟಿ. ಗೋಲ್ ಮುಂದೆಯೇ ಚೆಂಡು ನನಗೆ.

ಅವಳ ಕೈ ತಲೆ ಮೇಲೆ ಒಂದು ಕ್ಷಣ ನಿಂತಿತು. ಬೆರಳು ಬಿಡಿಸಿಕೊಂಡಿದ್ದನ್ನೂ ನೋಡಿದೆ. ಆಮೇಲೆ ಕೈ ಇಳಿಸಿ, ಚೆಂಡನ್ನ ಹೊಟ್ಟೆಗೆ ಒತ್ತಿಕೊಂಡು, ಮಂಡಿ ಊರಿ ಬಿದ್ದಳು. ಅಲ್ಲಿಂದಲೇ ತಲೆ ಎತ್ತಿ ನೋಡಿದಳು. ಏದುಸಿರು.

"ಇದು ನೀವು ತುಂಬಿದ್ದು ಅಕ್ಕ. ಹೇಗೆ ಎಸೀಲಿ?"

ಸೋತೆವು. ಸಂಜೆ ನೋವೈನಲ್ಲಿ ಅವರ ಅಪಾರ್ಟ್‌ಮೆಂಟಿನಲ್ಲಿ ಇಡೀ ಟೀಮಿಗೆ ಊಟ, ನನ್ನ ಕುಕ್ಕರಿನಲ್ಲೇ ಮಾಡಿದ ಬಿಸಿಬೇಳೆ ಬಾತ್. ಎರಡು ಸಲ ಹಾಕಿಸಿಕೊಂಡೆ. ಅದೂ ನನಗಿಂತ ಚೆನ್ನಾಗಿ ಮಾಡಿದ್ದಳು, ಅದಕ್ಕೂ ಉರಿದುಕೊಂಡೆ.

ವಾಪಸ್ ಬರುವಾಗ ಕೋಚ್ ಡ್ರೈವ್ ಮಾಡ್ತಿದ್ದಳು. ಕಲಮಜೂ ಎಕ್ಸಿಟ್ ದಾಟಿದ ಮೇಲೆ ಮಾತು ತೆಗೆದಳು. "ಮುಂದಿನ ಸಲ ಇವರ ಎದುರು ನೀನು ವಿಂಗ್‌ಗೆ ಹೋಗು. ಅವಳ ಪಕ್ಕ ನಮ್ಮ ಆ ಉದ್ದನೆಯ ಹುಡುಗಿಯನ್ನ ನಿಲ್ಲಿಸ್ತೀನಿ. ನಿನಗೂ ಆರಾಮು."

ಸರಿ ಅಂತ ಹೇಳೋಕೆ ಬಾಯಿ ತೆರೆದೆ. ಆ ಉದ್ದನೆಯ ಹುಡುಗಿ ನನ್ನ ಓರಗಿತ್ತಿಯ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರೋದು ಕಣ್ಣಿಗೆ ಬಂತು. ಅವಳು ಇವಳ ಕಾಲು ತುಳಿಯೋದು, ಇವಳು ಆ ಹುಡುಗಿಗೆ ಸಾರಿ ಅನ್ನೋದು, ತಿಂಡಿ ಆಯ್ತಾ ಅಂತ ಅವಳನ್ನ ಕೇಳೋದು. ಹೊಟ್ಟೆಯೊಳಗೆ ಭಗ್ ಅಂತ ಹತ್ತಿಕೊಂಡಿತು, ಇಷ್ಟು ದಿನದ್ದಕ್ಕಿಂತ ಜೋರಾಗಿ.

"ಅವಳ ಪಕ್ಕ ಬೇರೆ ಯಾರನ್ನಾದರೂ ನಿಲ್ಲಿಸಿದರೆ ನಾನು ಟೀಮೇ ಬಿಟ್ಟುಬಿಡ್ತೀನಿ, ನೋಡು" ಅಂದೆ.

"ಒಂದು ಗೋಲ್ ಕೂಡ ಸಿಗಲ್ಲ ನಿನಗೆ."

"ಸಿಗದಿದ್ದರೆ ಬೇಡ. ಅಲ್ಲಿ ನಿಲ್ಲೋದು ನಾನೇ."